ಸೂಚಕಿಯ ಸಹಿ

ಹಾರೂಗೇರಿ
ಗುರುವಾರ ಮಧ್ಯಾಹ್ನ

ನನ್ನ ಮೇಲೆ ಮುನಿದಿರುವ ಅಫ್ರೀನಳಿಗೆ,

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಮೊಬೈಲು ಅತ್ತೆಯ ತಿಜೋರಿ ಸೇರಿ ನಾಲ್ಕು ದಿನವಾಯಿತು. ಹೊಲಿಗೆ ತರಗತಿ ಬಂದ್. ಹಿಟ್ಟಿನ ಗಿರಣಿಗೆ ಹೋದರೂ ಹಿಂದೆ ಒಬ್ಬರು ಬರುತ್ತಾರೆ. ಈ ಕಾಗದ ರವಿಕೆ ಬಟ್ಟೆಯ ಮಡಿಕೆಯಲ್ಲಿ ನಿನ್ನ ಕೈ ಸೇರಬೇಕು. ತರುವ ನೆರೆಮನೆಯ ಶೇವಂತಾ ಕಾಕುಗೆ ಒಳಗೇನಿದೆ ಎಂದು ಗೊತ್ತಿಲ್ಲ. ಅವಳಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ.

ನಮ್ಮ ವಾರ್ಡು ಈ ಸಲ ಮಹಿಳೆಯರಿಗೆ ಮೀಸಲಾಯಿತಲ್ಲ, ಓಣಿಯ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ನನ್ನ ನೆಗೆಣ್ಣಿ ರೂಪಾಲಿಯನ್ನು ಅವಿರೋಧವಾಗಿ ಪುರಸಭೆಗೆ ಕಳಿಸುವುದೆಂದು ಚಹಾ ಆರುವಷ್ಟರಲ್ಲಿ ತೀರ್ಮಾನಿಸಿದರು. ರೂಪಾಲಿಗೆ ಸುದ್ದಿ ತಿಳಿದದ್ದು ಮರುದಿನ, ಬ್ಯಾನರಿಗೆ ಫೋಟೊ ಬೇಕಾದಾಗ. ಹೆಸರು ಅವಳದು, ಕಾರುಬಾರು ಅವಳ ಗಂಡ, ನನ್ನ ಭಾವ ದುಂಡೇಶ ಅವರದು. ಎಂಟು ದಿನಕ್ಕೊಮ್ಮೆ ನಳ ಬರುವ ಈ ಓಣಿಗಾಗಿ ನೀನು ನಿಲ್ಲುತ್ತೇನೆ ಎಂದಾಗ ನನಗೆ ಎಷ್ಟು ಖುಷಿಯಾಗಿತ್ತು! ನಿನ್ನ ಮನೆ ಇರುವುದು ಗಟಾರದ ಆಚೆ, ಪಕ್ಕದ ವಾರ್ಡಿನಲ್ಲಿ. ನಿಲ್ಲಲು ಅಡ್ಡಿಯಿಲ್ಲ, ಆದರೆ ಸೂಚಕರು ನಮ್ಮ ವಾರ್ಡಿನ ಮತದಾರರೇ ಆಗಬೇಕು. ಹೂಂ ಎಂದಿದ್ದವರೆಲ್ಲ ಕೊನೆಯ ದಿನ ಕೈಕೊಟ್ಟರು. ನೀನು ನನ್ನ ಹೊಲಿಗೆ ಯಂತ್ರದ ಮೇಲೆ ನಾಮಪತ್ರ ಇಟ್ಟೆ. ನಾನು ಸಹಿ ಹಾಕಿದೆ. ಹೆದರಲಿಲ್ಲ ಎಂದರೆ ಸುಳ್ಳಾದೀತು.

ಸಂಜೆಗೆಲ್ಲ ಮನೆಯಲ್ಲಿ ಗೊತ್ತಾಯಿತು. ಅತ್ತೆ ರುಕ್ಮವ್ವ ಹೊಡೆಯಲಿಲ್ಲ, ಬೈಯಲಿಲ್ಲ. ಜಳಕ ಮಾಡಿ ಬಾ ಎಂದರು. ದೇವರ ಜಗಲಿಯ ಮುಂದೆ ಅರಿಷಿಣದ ಭಂಡಾರದ ಬಟ್ಟಲಿಟ್ಟು, “ಆ ಸಹಿ ನಂದಲ್ಲ ಅಂತ ಸಾಹೇಬರ ಮುಂದ ಹೇಳತೀನಿ ಅಂತ ಆಣಿ ಮಾಡವಾ,” ಎಂದರು. ಭಂಡಾರ ಮುಟ್ಟಿ ಆಡಿದ ಮಾತು ನಮ್ಮಲ್ಲಿ ಎಂಥದೆಂದು ನಿನಗೆ ಗೊತ್ತು. ಅದನ್ನು ಮುರಿದವರ ಮನೆ ಏನಾಯಿತು ಎಂಬ ಕತೆ ಪ್ರತಿ ಓಣಿಯಲ್ಲೂ ಒಂದಿದೆ. ಗಂಡನ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮುಟ್ಟಿದೆ, ಅಂದೆ.

ಪರಿಶೀಲನೆಯ ದಿನ ನಾನು ಸಹಿ ನನ್ನದಲ್ಲ ಎಂದರೆ ಸಾಕು, ನಿನ್ನ ನಾಮಪತ್ರ ತಿರಸ್ಕೃತ. ಹೊಸದು ಹಾಕುವ ಗಡುವು ಮುಗಿದಿತ್ತು. ರೂಪಾಲಿ ಅಲ್ಲಿಗೇ ಗೆದ್ದಂತೆ. ಚುನಾವಣಾಧಿಕಾರಿ ಕೇಳಿದಾಗ “ನಂದಲ್ರಿ” ಎಂದೆ. ನೀನು ಎರಡೇ ಅಡಿ ದೂರದಲ್ಲಿದ್ದೆ. “ಸ್ನೇಹಾ, ನನ್ನ ಮಾರಿ ನೋಡಿ ಹೇಳ,” ಅಂದೆ ನೀನು. ನನ್ನಿಂದ ನೋಡಲಾಗಲಿಲ್ಲ. ಹೇಳಿದ್ದನ್ನೇ ಬರೆದು ಸಹಿ ಮಾಡಿರೆಂದು ಅಧಿಕಾರಿ ಹಾಳೆ ಕೊಟ್ಟರು. ಮಾಡಿದೆ. ನಾಮಪತ್ರವನ್ನೂ ಆ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಸಹಿಯ ಕೆಳಗಿನ ಗೆರೆ ಅದೇ, ಎರಡು ಚುಕ್ಕಿಗಳೂ ಅವೇ. ನಿನ್ನ ನಾಮಪತ್ರ ಉಳಿಯಿತು.

ಅಂದಿನಿಂದ ನಾನು ಓಣಿಯ ನಗೆಪಾಟಲು. ಸುಳ್ಳು ಹೇಳುವುದಕ್ಕೂ ಬುದ್ಧಿ ಬೇಕು ಎಂದು ನೀನೂ ನಕ್ಕೆಯಂತೆ. ಯಾರು ಬೇಕಾದರೂ ನಗಲಿ, ನೀನು ನಗಬಾರದಿತ್ತು.

ಅವತ್ತು ಪರಿಶೀಲನೆಗೆ ಕಾರಿನಲ್ಲಿ ಹೋಗುವಾಗ ಭಾವ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ನನ್ನಿಂದ ಬೇರೆಯದೇ ಸಹಿಯನ್ನು ಹತ್ತು ಸಲ ಬರೆಸಿದ್ದರು. ನಿದ್ದೆಯಲ್ಲಿ ಎಬ್ಬಿಸಿದರೂ ಹಾಕುವಷ್ಟು ಅದು ಕೈಗೆ ಕೂತಿತ್ತು. ಆಣೆ ಇದ್ದದ್ದು ಬಾಯಿಗೆ, ಬಾಯಿ ಅದನ್ನು ನಡೆಸಿತು. ಕೈಗೆ ಯಾರೂ ಆಣೆ ಹಾಕಿರಲಿಲ್ಲ. ಬೇಕೆಂದೇ ನನ್ನ ಸ್ವಂತ ಸಹಿ ಹಾಕಿದೆ, ಅಫ್ರೀನ. ಕೈ ನಡುಗಿತು ಎಂದು ಭಾವನ ಮುಂದೆ ಕಣ್ಣೀರು ಹಾಕಿದೆ. ಅವರು ನಂಬಿದರು. ನಾನು ದಡ್ಡಿ ಎಂದು ನಂಬಿಸುವುದು ಈ ಮನೆಯಲ್ಲಿ ಕಷ್ಟದ ಕೆಲಸವಲ್ಲ.

ರುಕ್ಮವ್ವ ನಂಬಲಿಲ್ಲ. ನಿನ್ನೆ ಮತ್ತೆ ಜಳಕ ಮಾಡಿಸಿದರು. ಈ ಸಲ ನನ್ನ ಬಾಯಿಂದ ಏನೂ ಹೇಳಿಸಲಿಲ್ಲ. ಬಲಗೈಯನ್ನು ಮಣಿಕಟ್ಟಿನ ತನಕ ಭಂಡಾರದಲ್ಲಿ ಒತ್ತಿ ಹಿಡಿದು, “ಈ ಕೈ ನಮ್ಮ ರೂಪಾಲಿ ಗುರ್ತಿಗೇ ಒತ್ತತೈತಿ,” ಎಂದು ತಾವೇ ಅಂದರು. ತೊಳೆದಷ್ಟೂ ಉಗುರಿನ ಸಂದಿಯಲ್ಲಿ ಹಳದಿ ಉಳಿದಿದೆ. ಮತಗಟ್ಟೆಯ ಮರೆಯೊಳಗೆ ಯಾರು ನೋಡುತ್ತಾರೆ ಎಂದು ನೀನು ಕೇಳುತ್ತೀ. ಯಾರೂ ನೋಡುವುದಿಲ್ಲ, ನಿಜ. ಆದರೆ ನನ್ನ ಹೆದರಿಕೆ ನನ್ನ ಜೊತೆಗೇ ಒಳಗೆ ಬರುತ್ತದೆ. ನನ್ನಿಂದ ಆಗುವುದಿಲ್ಲ.

ಮತ ಕೇಳಲು ನಮ್ಮ ಮನೆಗೆ ಬರಬೇಡ. ಬಂದರೆ ಬಾಗಿಲು ಹಾಕುವವಳು ನಾನೇ ಆಗಬೇಕಾಗುತ್ತದೆ. ಆ ಹೊತ್ತನ್ನು ಬೇರೆ ಮನೆಗಳಿಗೆ ಕೊಡು. ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ನೋಡಿಕೊಳ್ಳಲು ಹೆಂಗಸರಿಗೆ ಹೇಳು. ಅವರ ಗುರುತಿನ ಚೀಟಿಗಳು ಗಂಡಸರ ಕಿಸೆಯಲ್ಲಿರುತ್ತವೆ; ಈಗಲೇ ಇಸಿದುಕೊಂಡು ಅಡುಗೆಮನೆಯ ಡಬ್ಬಿಯಲ್ಲಿ ಇಟ್ಟುಕೊಳ್ಳಲಿ. ಬೇರೆ ಮನೆಗಳಲ್ಲೂ ಇಂಥದೇ ಆಣೆ ಹಾಕಿಸುತ್ತಾರೆ; ಇನ್ನೂ ಭಂಡಾರ ಮುಟ್ಟದವರ ಬಳಿ ಇವತ್ತೇ ಹೋಗು.

ನಿನ್ನನ್ನು ಕಣದಲ್ಲಿ ಉಳಿಸಿದವಳು ನಾನು. ನಿನ್ನ ವಿರುದ್ಧ ಮತ ಹಾಕುವವಳೂ ನಾನೇ. ನನ್ನ ಈ ಕೈಯನ್ನೂ ಸೋಲಿಸಿ ಗೆಲ್ಲು, ಗೆಳತಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಸೂಚಕಿ,
ಸ್ನೇಹಲ