ಬೀಗರು ಬದಲಿಸಿದ ಪವರ್ ಸಪ್ಲೈ

ಶಿರೀಷಾ,

ನಿನ್ನನ್ನು ಎಬ್ಬಿಸದೆ ಕಲ್ಯಾಣದುರ್ಗದ ಬಸ್ಸಿಗೆ ಹೊರಟಿದ್ದೇನೆ. ಆ ಪವರ್ ಸಪ್ಲೈ ನನ್ನ ಚೀಲದಲ್ಲಿದೆ, ಮನೆಯೆಲ್ಲ ಹುಡುಕಬೇಡ.

ನಿನ್ನ ಗೇಮಿಂಗ್ ಕಂಪ್ಯೂಟರಿನ ಒಂದೊಂದು ಭಾಗವನ್ನೂ ತಿಂಗಳುಗಟ್ಟಲೆ ನೋಡಿ ಆರಿಸಿದವಳು ನೀನು. ಅಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಇಂಥದೇ ಪವರ್ ಸಪ್ಲೈ ಬೇಕೆಂದು ಬರೆದೂ ಕೊಟ್ಟಿದ್ದೆ. ನಿಮ್ಮಕ್ಕನ ಮಾವ ತಮ್ಮ ಕಲ್ಯಾಣದುರ್ಗದ ಅಂಗಡಿಯಲ್ಲಿ ಮಾರಾಟವಾಗದೆ ಬಿದ್ದಿದ್ದ ಚಿಕ್ಕದನ್ನು ನಿಮ್ಮಪ್ಪನ ಕೈಗೆ ಕಟ್ಟಿ ಕೊಟ್ಟು, "ಆಡಪಿಲ್ಲಕಿ ಇದಿ ಚಾಲು" ಎಂದರಂತೆ. ಹೆಣ್ಣುಹುಡುಗಿಗೆ ಇಷ್ಟು ಸಾಕೆಂದು ಅಳೆಯಲು ಅವರು ಯಾರು? ನಿಮ್ಮಪ್ಪನನ್ನು ಕೇಳಿದರೆ, "ಬೀಗ್ರು ಕೊಟ್ಟಿದ್ನ ಅವ್ರ ಮುಂದೇನೇ ಬಿಚ್ಚಿ ನೋಡಾಕಾಯ್ತದೇನೇ?" ಅನ್ನುತ್ತಾರೆ. ಮಗ್ಗದ ಮೋಟಾರಾಗಿದ್ದರೆ ಹೀಗೆ ಬಾಯಿ ಮುಚ್ಚಿಕೊಂಡು ತರುತ್ತಿದ್ದರಾ?

ನೀನು ನಿನ್ನೆ ಊಟ ಬಿಟ್ಟು ಮಲಗಿದ್ದೂ ತಪ್ಪೇ. ಮುದ್ದೆ ಮುಚ್ಚಿಟ್ಟಿದ್ದೇನೆ, ತಿನ್ನು. ಕಾರ್ಡು, ಬೋರ್ಡುಗಳಿಗೆ ಬಟ್ಟೆ ಹೊದಿಸು, ಮಗ್ಗದ ಧೂಳು ಕೂರುತ್ತದೆ. ನಿಮ್ಮಪ್ಪ ಪೂಜೆ ಮಾಡುತ್ತೇನೆಂದು ಬಂದರೆ ಕುಂಕುಮವನ್ನು ಕಂಪ್ಯೂಟರಿನ ಹೊರಡಬ್ಬಿಗೆ ಇಡಲಿ, ಬೋರ್ಡಿಗೆ ಇಡಲು ಬಿಡಬೇಡ.

ನೀನು ಬರೆದದ್ದನ್ನೇ ತರುತ್ತೇನೆ. ಇಲ್ಲವೆಂದರೆ, ಎಲ್ಲಿಂದಾದರೂ ತರಿಸಿ ಕೊಡುವವರೆಗೂ ಅಂಗಡಿಯ ಮೆಟ್ಟಿಲು ಬಿಟ್ಟು ಏಳುವುದಿಲ್ಲ. ಬೀಗರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ನಾನು ಬರುತ್ತಿದ್ದೇನೆಂದು ಅಕ್ಕನಿಗೆ ಫೋನ್ ಮಾಡಿ ಹೇಳಿಬಿಡಬೇಡ. ಗೊತ್ತಾದರೆ ಬೀಗಿತ್ತಿ ಒಬ್ಬಟ್ಟು ಮಾಡಿಕೊಂಡು ಬಾಗಿಲಲ್ಲೇ ಕಾಯುತ್ತಾರೆ. ಅವರ ಮನೆಯ ಒಬ್ಬಟ್ಟು ತಿಂದ ಬಾಯಲ್ಲಿ ಜಗಳ ಆಡುವುದು ನನ್ನಿಂದಲೂ ಆಗುವುದಿಲ್ಲ.

ಅಮ್ಮ