ಗುಡಿಸದೆ ಬಿಟ್ಟ ಅಂಗಳ

ಎರಡನೇ ನೀರಿನ ನಂತರದ ಮೂರನೇ ವರ್ಷ, ನಡುಬೇಸಿಗೆ ತಿಂಗಳ ನಲವತ್ತನೇ ದಿನ
ಹೊಳೆಬಾಯಿಕೇರಿ, ಕುಮಟೆಯ ಕೆಳಗಿನ ಕರಾವಳಿ

ನಮಗಿಂತ ಮೊದಲಿನವರಿಗೆ ಕುಸುಮಾ ಹರಿಕಂತ್ರಳ ನಮಸ್ಕಾರ.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಉದ್ದವಾದ ಮೇಲೆ ನಾವು ತಿಂಗಳುಗಳನ್ನೂ ಹಿಗ್ಗಿಸಿಕೊಂಡಿದ್ದೇವೆ. ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೀವು ಸುನಾಮಿ ಎನ್ನುವುದನ್ನು ನಾವು ಬರೀ ‘ನೀರು’ ಎನ್ನುತ್ತೇವೆ. ಕುಡಿಯುವುದಕ್ಕೆ ‘ಸಿಹಿ’ ಎಂಬ ಬೇರೆ ಹೆಸರಿದೆ. ನಾನು ಪದರಗಾತಿ. ನೀರು ಬಿಟ್ಟುಹೋದ ಮರಳಿನ ಪದರವನ್ನು ನೆಲದಡಿ ಹುಡುಕಿ, ಅದು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುವುದು ನನ್ನ ಕೆಲಸ. ಆ ಗೆರೆಯಿಂದ ಮೇಲೆ ಮಾತ್ರ ಮನೆ ಕಟ್ಟಬೇಕು ಎಂಬುದು ಇಲ್ಲಿಯ ಕಟ್ಟಳೆ.

ಬೆಳಿಗ್ಗೆ ಗಂಜಿ ಕುಡಿದು ಗಜನಿಗೆ ಇಳಿಯುತ್ತೇನೆ. ಗಜನಿ ನಿಮಗೂ ಗೊತ್ತಿರಬೇಕು, ಹೊಳೆಯ ಉಪ್ಪುನೀರು ಹೊಕ್ಕು ಹೊರಡುವ ಗದ್ದೆ. ಅಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಭತ್ತ ಈಗಲೂ ತಾನಾಗಿ ಏಳುತ್ತದೆ. ಅದರಷ್ಟು ಹಟ ನಮ್ಮಲ್ಲಿ ಯಾರಿಗೂ ಇಲ್ಲ. ಟೊಳ್ಳು ಕೊಳವೆಯನ್ನು ಕೆಸರಿಗೆ ಒತ್ತಿ ಎಳೆದರೆ ನೆಲ ಉದ್ದಕ್ಕೆ ಹೊರಬರುತ್ತದೆ. ಮೇಲೆ ಎರಡನೇ ನೀರಿನ ಮರಳು. ಅದರಡಿ ಕಪ್ಪು ಕೆಸರು, ಬೇರು. ಇನ್ನೂ ಕೆಳಗೆ ಮತ್ತೆ ಮರಳು, ಒಡೆದ ಚಿಪ್ಪು, ಅದರ ನೆತ್ತಿಯಲ್ಲಿ ನಿಂತ ನೀರಿನಿಂದ ಇಳಿದ ಜೇಡಿಯ ತೆಳು ಪೊರೆ. ಅದು ಮೊದಲ ನೀರಿನದು, ನಿಮ್ಮ ಮೊಮ್ಮಕ್ಕಳ ಕಾಲದ್ದು. ಗುಡ್ಡದ ಬುಡದವರೆಗೂ ಆ ಪದರ ಸಿಕ್ಕಿತು. ಬಂದದ್ದು ಹೌದು ಎಂದುಕೊಂಡು ಕೊಳವೆ ತೊಳೆದೆ, ಅಷ್ಟೇ.

ಕೇರಿಯೊಳಗೆ ಮಾತ್ರ ಅದು ಇಲ್ಲ. ಮೊದಲ ನೀರು ಇಳಿದ ಮೇಲೆ ಉಳಿದವರು ಸೂತಕ ಕಳೆಯಲು ಮನೆ ಅಂಗಳಗಳ ಮರಳನ್ನೆಲ್ಲ ಗುಡಿಸಿ, ಬುಟ್ಟಿ ತುಂಬಿ, ‘ಕಡಲಿನದು ಕಡಲಿಗೆ’ ಎಂದು ಸುರಿದು ಬಂದರಂತೆ. ಆಮೇಲೆ ನೆಲ ಬಡಿದು ಸಗಣಿ ಸಾರಿಸಿದರು. ನಮ್ಮವರ ಗುಡಿಸುವ ಕೈ ಅಂಥದ್ದು, ಒಂದು ಕಾಳು ಉಳಿಸಲಿಲ್ಲ. ಎರಡು ತಲೆಮಾರು ಕಳೆದು, ನಾನು ಹುಟ್ಟುವ ಮೊದಲು, ಶಾಲೆಗೆ ಜಾಗ ನೋಡಲು ಬಂದವರು ಕೇರಿಯಲ್ಲೇ ಅಗೆದರು. ಮರಳು ಸಿಗಲಿಲ್ಲ. ಇಲ್ಲಿಗೆ ನೀರು ಬಂದೇ ಇಲ್ಲ, ಬಂದದ್ದೆಲ್ಲ ಅಜ್ಜಿಯರ ಕಥೆಯಲ್ಲಿ ಎಂದರು. ಪಕ್ಕದ ಪಾಳು ಗಜನಿಯನ್ನು ಅಗೆಯಲು ಯಾರಿಗೂ ತೋಚಲಿಲ್ಲ. ಶಾಲೆ ಅಲ್ಲೇ ಎದ್ದಿತು. ಎರಡನೇ ನೀರು ಬಂದ ಬೆಳಿಗ್ಗೆ ನನ್ನ ಮಗಳು ಮುಕ್ತಾ ಅದರೊಳಗಿದ್ದಳು.

ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಕೈ ಕೆಲಸ ಮಾಡುತ್ತದೆ, ಬಾಯಿ ಉಣ್ಣುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಬೇರೆಯವರು ಹೇಳಿದರೆ ಗೊತ್ತಾಗುತ್ತದೆ.

ಈ ಸಲವೂ ಕೇರಿಯವರು ಬುಟ್ಟಿ ಹಿಡಿದು ಹೊರಟರು. ಬೇಡಿ ಎಂದು ಗೋಗರೆದೆ. ನಾದಿನಿ ದೇವಕಿ, ‘ಎಂತದೇ ಅತ್ಗೆ, ಸತ್ತೋರ ಮೇಲೆ ಹರ್ದ ಮರಳು ಬಾಗ್ಲಲ್ಲಿ ಇಟ್ಕಂಡೆ ಮಲಗೂಕಾಗ್ತದ್ಯಾ?’ ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಎಲ್ಲರೂ ಗುಡಿಸಿದರು, ನನ್ನ ಅಂಗಳವೊಂದನ್ನು ಬಿಟ್ಟರು. ಬರುವ ಮಳೆಗೆ ಮೊದಲು ಕೇರಿ ಗುಡ್ಡಕ್ಕೆ ಏರುತ್ತದೆ. ಈ ಅಂಗಳ ಮುಂದೆ ಅಗೆಯುವವರಿಗೆ ಹೀಗೇ ಇರುತ್ತದೆ. ಮುಕ್ತಾಳ ಒಂದು ಚಪ್ಪಲಿ ಈ ಮರಳಿನಲ್ಲೇ ಎಲ್ಲೋ ಇರಬಹುದು. ನಾನು ಹುಡುಕಿಲ್ಲ. ಪದರ ಕದಡಬಾರದು.

ನಿಮಗೆ ಮೊದಲ ನೀರೂ ಇನ್ನೂ ಬಂದಿಲ್ಲ. ಅದು ಬಂದುಹೋದ ಮೇಲೆ ನಿಮ್ಮ ಮೊಮ್ಮಕ್ಕಳು ಕಸಬರಿಕೆ ಹಿಡಿಯುತ್ತಾರೆ, ಹಿಡಿಯಲಿ. ಒಂದೇ ಒಂದು ಅಂಗಳವನ್ನು ಗುಡಿಸದೆ ಬಿಡಿ ಎಂದು ಈಗಲೇ ಹೇಳಿಡಿ. ಹಾಗೆ ಬಿಟ್ಟರೆ ಅಗೆದವರಿಗೆ ಮರಳು ಸಿಗುತ್ತದೆ, ಶಾಲೆ ಗುಡ್ಡದ ಮೇಲೆ ಏಳುತ್ತದೆ. ಏರು ಹತ್ತಿ ಕಾಲು ನೋಯುತ್ತದೆ ಎಂದು ಮುಕ್ತಾ ದಿನಾ ಬೆಳಿಗ್ಗೆ ರಗಳೆ ತೆಗೆಯುತ್ತಾಳೆ. ಗದರಿಸಿ, ಜಡೆ ಹಾಕಿ, ಅವಳನ್ನು ಕಳಿಸುವಷ್ಟರಲ್ಲಿ ನನಗೆ ಹೊತ್ತಾಗುತ್ತದೆ. ಈ ಪತ್ರ ಬರೆಯಲು ಪುರುಸೊತ್ತೇ ಇರುವುದಿಲ್ಲ.