ಕಟಕಟೆಯಲ್ಲಿ ನೀನು ಹೇಳದ ಕಾರಣ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಹಾಗೆಯೇ ಕೇಳು.

ಘಟಪ್ರಭಾ ಸ್ಟೇಶನ್ನಿನಲ್ಲಿ ಮಿರಜದ ಗಾಡಿಗಾಗಿ ಕಾಯುತ್ತ ನನ್ನನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿಕೊಂಡಿದ್ದೆ, ನೆನಪಿದೆಯೇ? ನನಗಾಗ ಹದಿನಾಲ್ಕು. ಕೆಮ್ಮಿದರೆ ರಕ್ತ ಬರುತ್ತಿತ್ತು. ಊರಿನವರು ಯಾರೋ ಮಾತಾಡಿಸಿದರೆ, ನೀನು "ತಂಗಿ ಮನಿಗಿ ಹೊಂಟೇವ್ರಿ" ಅಂದೆ. ಕ್ಷಯ ಎಂಬ ಮಾತು ನಿನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ. ನನ್ನನ್ನು ಮಿರಜದ ಆಸ್ಪತ್ರೆಯಲ್ಲಿ ಇಡಲು, ಅಪ್ಪ ತೀರಿಕೊಂಡ ಮೇಲೆ ನಿನ್ನ ಹೆಸರಿಗೆ ಬಂದಿದ್ದ ಎರೆಹೊಲ ಮಾರಿದೆ. ಕೊಂಡವನು ಕುರಿ ಕಾಯುತ್ತಿದ್ದ ಸಿದ್ದಪ್ಪ. ಅವನ ಮನೆತನಕ್ಕೆ ಅದೇ ಮೊದಲ ಭೂಮಿ.

ನಾನು ಗುಣವಾಗಿ ಬಂದ ಮರುವರ್ಷ, ಅಪ್ಪನ ತಮ್ಮ, ನಮ್ಮ ಕಾಕಾ, ದಾವೆ ಹೂಡಿದ. ಗಂಡನಿಂದ ಬಂದ ಆಸ್ತಿಯನ್ನು ವಿಧವೆ ಬದುಕಿರುವತನಕ ಅನುಭವಿಸಬಹುದು, ತೀರ ಅವಶ್ಯವಿಲ್ಲದೆ ಮಾರುವಂತಿಲ್ಲ, ಅವಳ ನಂತರ ಅದು ಗಂಡನ ಅಣ್ಣತಮ್ಮಂದಿರಿಗೆ ಎಂಬುದು ಆಗಿನ ಕಾಯಿದೆ. ಅಂಥ ಅವಶ್ಯ ಏನಿತ್ತೆಂದು ಗೋಕಾಕದ ಕೋರ್ಟಿನಲ್ಲಿ ವಕೀಲರು ಕೇಳಿದರು. "ಹೊಟ್ಟಿಗಿ ಬೇಕಾಗಿತ್ರಿ" ಅಂದು ನೀನು ತಲೆ ತಗ್ಗಿಸಿದೆಯಂತೆ. ಉಳಿದ ಹೊಲದ ಬೆಳೆ ಮನೆಗೆ ಸಾಕಾಗುತ್ತಿತ್ತೆಂದು ಕಾಕಾ ಸಾಕ್ಷಿ ತಂದ. ಮಾರಾಟ ನೀನಿರುವತನಕ ಮಾತ್ರ, ಆಮೇಲೆ ಹೊಲ ಕಾಕಾನಿಗೆ ಎಂದು ತೀರ್ಪಾಯಿತು. ಎರಡು ವರ್ಷದಲ್ಲಿ ನನ್ನ ಮದುವೆ ಮಾಡಿ ನೀನೂ ಹೋದೆ. ನಿನ್ನ ಹಿಂದೆಯೇ ಸಿದ್ದಪ್ಪ ಹೊಲ ಬಿಟ್ಟುಕೊಡಬೇಕಾಯಿತು. ಆಮೇಲೆ ಹೊಸ ಕಾಯಿದೆ ಬಂತು, ಅವ್ವಾ. ಈಗ ಅಂಥ ಆಸ್ತಿಗೆ ವಿಧವೆಯೇ ಪೂರ್ತಿ ಒಡತಿ. ಏಕೆ ಮಾರಿದೆ ಎಂದು ಯಾರೂ ಕೇಳುವಂತಿಲ್ಲ. ನಿನ್ನ ಕಾಲಕ್ಕೇ ಬಂದಿದ್ದರೆ...

ಮೊನ್ನೆ ಕಾಕಾ ತೀರಿಕೊಂಡನೆಂದು ನಮ್ಮೂರು ತುಕ್ಕಾನಟ್ಟಿಗೆ ಹೋಗಿದ್ದೆ. ತಿರುಗಿ ಬರುವಾಗ ಸಿದ್ದಪ್ಪನ ಹೆಂಡತಿ ಕೆಂಚವ್ವ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮವ್ವ ನಮಗ ಮೋಸ ಮಾಡಿ ಹೋದ್ಳು" ಅಂದಳು. ನಾನು ಮುಂದೆ ನಡೆದೆ. ಸಿದ್ದಪ್ಪ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದ.

"ಆಕಿ ಮಾತು ಮನಸಿಗಿ ಹಚ್ಚಿಕೋಬ್ಯಾಡ ತಂಗಿ. ಆಕಿಗಿ ಗೊತ್ತಿಲ್ಲ. ನಿನ್ನ ಬ್ಯಾನಿ ಹೇಳಿದ್ರ ಹೊಲ ಉಳೀತೈತಿ ಅಂತ ವಕೀಲ ಹೇಳಿದ್ದ. ಮಗಳ ಲಗ್ನಾ ಆಗೂದಿಲ್ಲ, ಬಾಯಿ ಬಿಡಬ್ಯಾಡ ಅಂತ ನಿಮ್ಮವ್ವ ನನ್ನ ಮುಂದ ಸೆರಗೊಡ್ಡಿದ್ಳು."

"ಲಗ್ನಾ ಆದಮ್ಯಾಲರ ಹೇಳಬೇಕಿಲ್ಲೇನ?" ಅಂದೆ.

"ನಿನ್ನ ಸಂಸಾರ ಕೆಡಸೂದು ಬ್ಯಾಡ ಅನಿಸ್ತು."

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ತಿರುಗಿ ಹೋಗಿ ಕೆಂಚವ್ವನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಗಂಡನತ್ತ ತಿರುಗಿ ನೋಡಿದಳು. ನನ್ನನ್ನು ಬೈಯುತ್ತಾಳೆಂದುಕೊಂಡೆ.

"ಈಗ ಎದಿ ಆರಾಮ ಐತೇನವಾ?" ಎಂದು ಕೇಳಿದಳು.

ನೀನು ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಯಮಕನಮರಡಿಗೆ, ಮನೆಗೆ ಬಂದು ನಮ್ಮ ಯಜಮಾನರಿಗೂ ಹೇಳಿಬಿಟ್ಟೆ. ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿದರು. ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, "ಖರೆ ಹೇಳ್ತೇನಿ. ಆವಾಗ ಗೊತ್ತಾಗಿದ್ರ ನಾ ಒಲ್ಲೆ ಅಂತಿದ್ದೆ" ಅಂದರು. ಇಂಥ ಒಳ್ಳೆಯ ಮನುಷ್ಯ, ಅವ್ವಾ. ಅವರೂ ಒಲ್ಲೆ ಅನ್ನುತ್ತಿದ್ದರು.

ಬರುವ ರವಿವಾರ ಇಬ್ಬರೂ ತುಕ್ಕಾನಟ್ಟಿಗೆ ಹೋಗುತ್ತೇವೆ. ಚಾವಡಿಯಲ್ಲಿ ನಾಲ್ಕು ಜನರನ್ನು ಕೂರಿಸಿ, ಕಾಕಾನ ಮಕ್ಕಳೂ ಕೇಳುವಂತೆ, ನೀನು ಹೊಲ ಏಕೆ ಮಾರಿದೆ ಎಂಬುದನ್ನು ನಾನೇ ಹೇಳುತ್ತೇನೆ. ಹೊಲ ತಿರುಗಿ ಬರುವುದಿಲ್ಲ, ಗೊತ್ತು. ಆದರೆ ಆ ಊರಿನಲ್ಲಿ ಇನ್ನು ಯಾರೂ ನಿನ್ನನ್ನು ಮೋಸಗಾತಿ ಎನ್ನಬಾರದು.

ನಿನ್ನ ಮಗಳು
ಗಂಗವ್ವ